ಮಂಜೂರ್ ಗಜಾಭಾವು

ಗ್ರಾಮಸಭೆಯಲ್ಲಿ ತಾನು ಕೇಳಿದ ಪ್ರಶ್ನೆಯನ್ನು ಗಜಾಭಾವು ನುಂಗಿ ನೀರು ಕುಡಿದನೆಂಬ ಸಿಟ್ಟು ನಾಮದೇವ ಖರಾಡೆಗೆ ಇನ್ನೂ ಆರಿಲ್ಲ. ಸಾತಾರಾ ಕಡೆಯ ಆ ಊರಿನಲ್ಲಿ ಸರಪಂಚರು ಬಾಯಿ ತೆರೆಯುವುದೇ ತಡ, ಮುಂದಿನ ಸಾಲಿನಿಂದ ಗಜಾಭಾವು ಎರಡೂ ಕೈ ಎತ್ತಿ "ಮಂಜೂರ್, ಮಂಜೂರ್!" ಎಂದು ಕೂಗುತ್ತಾನೆ, ಸಭೆಯೂ ಕೂಗುತ್ತದೆ, ಚಹಾ ಬರುತ್ತದೆ. ಸರಪಂಚರು ಸೀನಿದರೂ ಮಂಜೂರ್. ಮಗಳಿಗೆ ಗಂಡು ನೋಡಲು ಹೋದಾಗ ಹುಡುಗನ ಹೆಸರೂ ಕೇಳದೆ ಮಂಜೂರ್ ಅಂದ ಪುಣ್ಯಾತ್ಮ! ಹೊಸ ಟ್ಯಾಂಕಿನ ನೀರು ಶುದ್ಧವೆಂದು ಸರಪಂಚರು ಸಾರಿದ ದಿನ ನಾಮದೇವ ಎದ್ದು, "ಅಣ್ಣಾ, ಪರೀಕ್ಷೆ ಮಾಡಿಸಿದವ್ರು ಯಾರು?" ಅಂದ. "ಕುಂದರೋ, ಚಾ ಆರ್ತೈತಿ! ಮಂಜೂರ್!" ಎಂದು ಗಜಾಭಾವು ಅಬ್ಬರಿಸಿದ. ನೀರು ನಿಜಕ್ಕೂ ಶುದ್ಧವಿದ್ದೀತು, ಯಾರಿಗೆ ಗೊತ್ತು? ಊರಿನ ಹೆಂಗಸರು ಮಾತ್ರ ಮನೆಮುಂದಿನ ನಲ್ಲಿ ಬಿಟ್ಟು ದೂರದ ಹಳೇ ಬಾವಿಗೇ ಹೋಗುತ್ತಾರೆ. ಎಲ್ಲರಿಗಿಂತ ಮುಂದೆ ಗಜಾಭಾವುವಿನ ಹೆಂಡತಿ ಹೌಸಾಬಾಯಿ. "ನಲ್ಲಿ ನೀರು ನಿಮ್ಮ ಯಜಮಾನ್ರೇ ಮಂಜೂರ್ ಮಾಡಿದ್ದಲ್ಲೇನ್ರಿ, ವೈನಿ?" ಎಂದು ನಾಮದೇವ ಕೆಣಕಿದರೆ, ಅವಳು ಕೊಡ ಇಳಿಸದೆಯೇ ಅಂದಳು: "ಅದಕ್ಕ ಅಂಜಿಕಿ, ಭಾವಜಿ. ಅವತ್ತ ನಿಮಗ ಯಾರಾದ್ರೂ ಉತ್ತರ ಕೊಟ್ಟಿದ್ರ ನಾ ಯಾಕ ಇಷ್ಟ ದೂರ ಬರ್ತಿದ್ದೆ?" ಆ ಒಂದು ಉತ್ತರದ ಬಾಕಿಯನ್ನು ಪಂಚಾಯಿತಿ ಇಂದಿಗೂ ತೀರಿಸಿಲ್ಲ.