ಫ್ಲ್ಯಾಶ್ ಮಾತ್ರ ಹಾರಿಸಿದ ಮನೆ

ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ನಾನು ಚಿತ್ರಕಲೆಯ ಮಾಸ್ತರನಾಗಿದ್ದೆ. ಆಲಮಟ್ಟಿಯ ಹಿನ್ನೀರು ಏರುತ್ತದೆಂದು ಬೀಳಗಿ ತಾಲೂಕಿನ ಹೊಳೆದಂಡೆಯ ಊರುಗಳು ಗಂಟುಮೂಟೆ ಕಟ್ಟುತ್ತಿದ್ದ ಕಾಲ ಅದು. ರವಿವಾರ ಬಂದರೆ ಕ್ಯಾಮೆರಾ ಹೆಗಲಿಗೇರಿಸಿ ಬಸ್ ಹತ್ತುತ್ತಿದ್ದೆ. ಗುಡಿ, ಊರಬಾಗಿಲ ಅಗಸಿ, ಚಹಾದಂಗಡಿ, ಸಾರಾಯಿ ಅಂಗಡಿ, ಹೀಗೆ ಊರಿನ ಗುರುತು ಅನ್ನಿಸಿದ್ದನ್ನೆಲ್ಲ ತೆಗೆಯುತ್ತಿದ್ದೆ. ಜನರ ಮನೆಗಳೂ ಗುರುತೇ ಎಂದು ಆಗ ನನಗೆ ಹೊಳೆದಿರಲಿಲ್ಲ.

ಒಂದು ಮಧ್ಯಾಹ್ನ ಗಲಗಲಿಯ ಹತ್ತಿರದ ಹಳ್ಳಿಯೊಂದರಲ್ಲಿದ್ದೆ. ರೀಲಿನಲ್ಲಿ ಉಳಿದದ್ದು ಒಂದೇ ಫೋಟೋ. ಹೊಳೆಯ ದಾರಿಯಲ್ಲಿದ್ದ ಸಾರಾಯಿ ಅಂಗಡಿಯ ನೀಲಿ ಗೋಡೆಯ ಮೇಲೆ ಯಾರೋ ದೊಡ್ಡ ಗಿಳಿಯೊಂದನ್ನು ಬರೆದಿದ್ದರು. ಅದಕ್ಕೆಂದೇ ಆ ಒಂದನ್ನು ಉಳಿಸಿಕೊಂಡಿದ್ದೆ. ಅಷ್ಟರಲ್ಲಿ ಕುರಿ ಸಾಕುವ ಮನೆತನದ ಹೆಣ್ಣುಮಗಳೊಬ್ಬಳು ನನ್ನನ್ನು ತಡೆದಳು. ಐವತ್ತು ದಾಟಿರಬಹುದು.

"ಮಾಸ್ತರ, ನಮ್ಮನಿದೂ ಒಂದ್ ಫೋಟೋ ಹೊಡೀರಿ. ನೀರಾಗ ಹೋಗತೈತ್ರಿ ಇದು."

ಆಗಲಿ ಎಂದೆ. ಆಕೆ ಒಳಗೆ ಹೋಗಿ ಇಳಕಲ್ ಸೀರೆ ಉಟ್ಟು, ತಲೆ ಬಾಚಿಕೊಂಡು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹಿಂದೆ ಗೋಡೆಯ ಗೂಡಿನಲ್ಲಿ ಬೀರದೇವರ ಪಟ ಕಾಣುತ್ತಿತ್ತು. ನಾನು ಕ್ಯಾಮೆರಾ ಕಣ್ಣಿಗಿಟ್ಟು ಫ್ಲ್ಯಾಶಿನ ಗುಂಡಿಯನ್ನಷ್ಟೇ ಒತ್ತಿದೆ. ಬೆಳಕು ಹಾರಿತು, ಫೋಟೋ ಬೀಳಲಿಲ್ಲ.

"ಆತೇನ್ರಿ?"

"ಆತು, ಯವ್ವಾ."

ಅಲ್ಲಿಂದ ನೇರವಾಗಿ ಹೋಗಿ ಗಿಳಿಯನ್ನು ತೆಗೆದೆ.

ವರ್ಷಗಳಾದ ಮೇಲೆ ಮನೆಗೆ ಕಂಪ್ಯೂಟರ್ ಬಂತು. ಹಳೆಯ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ಇಂಟರ್‌ನೆಟ್ಟಿಗೆ ಹಾಕಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಒಂದೊಂದಕ್ಕೂ ಒಂದು ಪುಟ. ಅಷ್ಟರಲ್ಲಿ ರಾಜ್ಯದಲ್ಲಿ ಸಾರಾಯಿಯೂ ಬಂದ್ ಆಗಿತ್ತು. ಎಲ್ಲಕ್ಕಿಂತ ಹೆಚ್ಚು ಹೊಗಳಿಕೆ ಬಂದದ್ದು ಆ ಗಿಳಿಯ ಗೋಡೆಗೆ. ಗುರುತಿಲ್ಲದವರು ಬರೆದದ್ದನ್ನು ಹೆಂಡತಿಗೆ ಓದಿ ಹೇಳುತ್ತಿದ್ದೆ. ಊರುಗಳನ್ನು ನಾನೇ ಉಳಿಸಿದೆನೆಂಬ ಸೊಕ್ಕು ನನಗೆ.

ಅಂದು ಸೀರೆ ಉಟ್ಟು ನಿಂತಿದ್ದ ಆ ಹೆಣ್ಣುಮಗಳ ಅಳಿಯ ಮುಧೋಳದಲ್ಲಿ ನೌಕರಿಯಲ್ಲಿದ್ದ; ಅವನು ಆ ಪುಟ ನೋಡಿದ್ದಾನೆ. ಒಂದು ದಿನ ಅತ್ತೆಯನ್ನು ಕರೆದುಕೊಂಡು ನಮ್ಮ ಮನೆಗೇ ಬಂದ. ಆಕೆ ಬಹಳ ಇಳಿದುಹೋಗಿದ್ದಳು. ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿ ಕೂರಿಸಿ ಅವರೂರಿನ ಫೋಟೋಗಳನ್ನು ಒಂದೊಂದಾಗಿ ತೋರಿಸಿದೆ. ಗುಡಿ ಬಂದಾಗ ಕೈ ಮುಗಿದಳು.

"ನಮ್ಮನಿ ಯಾವಾಗ ಬರ್ತೈತ್ರಿ?"

"ಆ ರೀಲಿಗೆ ಬೆಳಕು ಬಿದ್ದು ಕೆಟ್ಟು ಹೋತು, ಯವ್ವಾ," ಎಂದೆ. ಹೇಳುತ್ತಲೇ ಮುಂದಿನದನ್ನು ಒತ್ತಿದೆ. ಗಿಳಿ ಬಂತು.

ಆಕೆ ಅದನ್ನೇ ನೋಡುತ್ತ ಕೂತಳು. "ನಮ್ಮ ಮನಿಯವ್ರು ಕುಡುದು ಹಾಳಾದದ್ದು ಇಲ್ಲೇ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅವತ್ತ ನಮ್ಮನಿ ಮುಂದಿಂದ ನೀವು ಇಲ್ಲಿಗೇ ಹೋದ್ರಿ. ನಾ ನೋಡೇನಿ. ನಮ್ಮನಿ ಫೋಟೋ ಒಂದ ಕೆಟ್ಟು ಹೋತೇನು? ಖರೆ ಹೇಳ್ರಿ ಮಾಸ್ತರ."

ಹೇಳಿದೆ. ಒಂದೇ ಉಳಿದಿತ್ತು, ನಿಮ್ಮದನ್ನು ತೆಗೆಯಲೇ ಇಲ್ಲ ಎಂದೆ. ಆಕೆ ಬೈಯಲಿಲ್ಲ.

"ಮತ್ತ ನಾ ಸೀರಿ ಉಟ್ಟು ನಿಂತಿದ್ನೆಲ್ರಿ," ಎಂದಳು.

ನನ್ನ ಹೆಂಡತಿ ತಂದ ಚಹಾ ಮುಟ್ಟದೆ ಎದ್ದು ಹೋದಳು.

ಎರಡು ವಾರ ತಡೆದು, ಹೊಸ ಡಿಜಿಟಲ್ ಕ್ಯಾಮೆರಾ ಹಿಡಿದು ಮುಳುಗಿದ ಅವರೂರಿಗೆ ಕಟ್ಟಿಕೊಟ್ಟಿದ್ದ ಪುನರ್ವಸತಿ ಕೇಂದ್ರಕ್ಕೆ ಹೋದೆ. ಈಗಿನ ಮನೆಯ ಮುಂದಾದರೂ ಆಕೆಯನ್ನು ನಿಲ್ಲಿಸಿ ಒಂದು ಫೋಟೋ ತೆಗೆದು ಕೊಡಬೇಕೆಂದಿತ್ತು. ಆಕೆಯ ಸೊಸೆ ಬಾಗಿಲಿಗೆ ಬಂದಳು, ಒಳಗೆ ಹೋಗಿ ಕೇಳಿ ಮತ್ತೆ ಹೊರಬಂದಳು.

"ನಮ್ಮತ್ತಿ ಒಲ್ಲೆ ಅಂತಾರ್ರಿ."

ಒಳಗಿಂದ ಆಕೆ ಕೆಮ್ಮಿದ್ದು ಕೇಳಿಸಿತು. ಸೊಸೆ ಬಾಗಿಲು ಮುಚ್ಚಿದಳು. ನಾನು ಬಸ್ಸಿನ ಕಡೆ ನಡೆದೆ.