ಒಂದೂವರೆ ಮೊಳ ಸಿಮೆಂಟು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೂವತ್ತೊಂದು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದವಳು ನಾನು. ಅರ್ಧಕ್ಕೆ ಬಿಟ್ಟ ಲೆಕ್ಕ ಕಂಡರೆ ಈಗಲೂ ಮೈ ಉರಿಯುತ್ತದೆ. ಆ ಉರಿಯಲ್ಲೇ ಒಂದು ದಿನ ಒಬ್ಬ ಮನುಷ್ಯನಿಗೆ ಉಳಿದಿದ್ದ ಒಂದೇ ಒಂದನ್ನು ಒಡೆದುಹಾಕಿದೆ. ಒಂದೂವರೆ ಮೊಳ ಉದ್ದದ ಸಿಮೆಂಟು ಪಟ್ಟಿ ಅದು. ಅದು ಅವರ ಹೆಂಡತಿಯ ಕೈಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳಲಿಲ್ಲ.

ಅವರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಾರೆ. ಅರವತ್ತೆಂಟರ ಒಣಕಲು ಮನುಷ್ಯ, ಸುಣ್ಣಕ್ಕೆ ಬೆರಳೆಲ್ಲ ಬಿರುಕು, ಮಾತು ಅಳೆದು ಸುರಿದಂತೆ. ಬಸ್ ಡಿಪೋ ಹಿಂದಿನ ದಿಬ್ಬದ ಮೇಲೆ ಹಳೆಯ ಸ್ತೂಪವೊಂದಿದೆ. ಭಾನುವಾರ ಹತ್ತು ಹನ್ನೆರಡು ಜನ ಸೇರಿ ಅದನ್ನು ರಿಪೇರಿ ಮಾಡುತ್ತೇವೆ. ದರ್ಜಿ ಇದ್ದಾನೆ, ಬಸ್ ಡ್ರೈವರ್ ಇದ್ದಾನೆ, ಔಷಧಿ ಅಂಗಡಿಯವಳು ಇದ್ದಾಳೆ. ಗೋಡೆ ಕಟ್ಟಿ ಗೊತ್ತಿದ್ದವರು ಮೇಸ್ತ್ರಿ ಒಬ್ಬರೇ. ನನ್ನದು ಮರಳು ಜರಡಿ ಹಿಡಿಯುವ ಕೆಲಸ. ಯಾಕೆ ಹೋಗುತ್ತೀರಿ ಎಂದು ಕೇಳಿದರೆ ಉಳಿದವರು ಧ್ಯಾನ, ಪುಣ್ಯ ಎಂದೆಲ್ಲ ಹೇಳಬಹುದು. ನನಗೆ ಭಾನುವಾರ ಮನೆಯಲ್ಲಿ ಒಬ್ಬಳೇ ಕೂರಲು ಆಗುತ್ತಿರಲಿಲ್ಲ, ಅಷ್ಟೇ.

ಅಲ್ಲಿನ ವಯಸ್ಸಾದ ಭಿಕ್ಷುವೊಬ್ಬರು ಮೊದಲ ದಿನವೇ ಮೂರು ನಿಯಮ ಹೇಳಿದ್ದರು. ಸ್ತೂಪದ ಮೇಲೆ ಕೈ ಇರುವಷ್ಟು ಹೊತ್ತು ಮಾತಿಲ್ಲ. ಬಕೆಟ್ ಹೊತ್ತಿದ್ದರೂ ಪ್ರದಕ್ಷಿಣೆಯಾಗಿಯೇ ಹೋಗಬೇಕು. ಕೆಲಸದ ಮೇಲೆ ಯಾರ ಗುರುತೂ ಉಳಿಯಬಾರದು. ಎರಡನೆಯದು ನನ್ನ ಮಂಡಿಗಳ ಶತ್ರು. ಎರಡು ಹೆಜ್ಜೆ ಹಿಂದೆ ಜರಡಿ ಮರೆತು ಬಂದರೆ ಅದಕ್ಕಾಗಿ ಇಡೀ ಸ್ತೂಪ ಸುತ್ತಬೇಕು. ಬೈದುಕೊಳ್ಳೋಣವೆಂದರೆ ಮೊದಲನೆಯ ನಿಯಮ.

ಆ ಸ್ತೂಪಕ್ಕೆ ಬಂದಿದ್ದ ರೋಗ ಸಿಮೆಂಟು. ಹಿಂದೆಂದೋ ಯಾರೋ ಬುಡದ ಸುತ್ತ ಸಿಮೆಂಟು ಗಿಲಾವು ಮಾಡಿದ್ದರು. ಹಳೆಯ ಇಟ್ಟಿಗೆಗೆ ಸುಣ್ಣದ ಗಾರೆ ಇದ್ದರೆ ಒಳಗಿನ ತೇವ ಹೊರಗೆ ಹೋಗುತ್ತದೆ. ಸಿಮೆಂಟು ಬಿಡುವುದಿಲ್ಲ, ಒಳಗೇ ಕೂಡಿಹಾಕಿ ಇಟ್ಟಿಗೆಯನ್ನು ಕೊಳೆಸುತ್ತದೆ. ಮಳೆಗಾಲಕ್ಕೆ ಮುಂಚೆ ಅದನ್ನೆಲ್ಲ ಕಿತ್ತು ಸುಣ್ಣ ಹಚ್ಚದಿದ್ದರೆ ಒಂದು ಪಕ್ಕ ಕುಸಿಯುವುದು ಖಂಡಿತ ಎಂದು ಮೇಸ್ತ್ರಿಯೇ ಹೇಳಿದ್ದರು. ಉಳಿ ಸುತ್ತಿಗೆ ಹಿಡಿದು ಅವರೇ ಸುತ್ತಲೂ ಕಿತ್ತುಕೊಂಡು ಬಂದರು. ಉತ್ತರದ ಕಡೆ, ಯಾರೂ ಹೆಚ್ಚು ಹೋಗದ ಹಿಂಭಾಗದಲ್ಲಿ, ಒಂದೂವರೆ ಮೊಳ ಮಾತ್ರ ಬಿಟ್ಟರು. ಊಟದ ಹೊತ್ತಿಗೆ ಡಬ್ಬಿ ಹಿಡಿದು ಅಲ್ಲೇ ಹೋಗಿ ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದರು. ಒಬ್ಬರೇ ಏನೋ ಗೊಣಗುವುದನ್ನೂ ನಾನು ಕಂಡಿದ್ದೆ.

ಐದು ಭಾನುವಾರ ಕಳೆಯಿತು. ಕೇಳಿದಾಗಲೆಲ್ಲ, ಮುಂದಿನ ವಾರ ಆಗ್ಲಿ ಟೀಚರ್, ಎನ್ನುತ್ತಿದ್ದರು. ನಾನು ಆ ಭಿಕ್ಷುವಿನ ಹತ್ತಿರ ದೂರು ಒಯ್ದೆ. ಅವರು ಪೊರಕೆ ಆಡಿಸುತ್ತಲೇ, ತೆಗೆಯುವವರು ತೆಗೆಯುತ್ತಾರೆ, ನೀವು ಮರಳು ನೋಡಿಕೊಳ್ಳಿ ಎಂದರು. ಇವರಿಗೂ ಮೈಗಳ್ಳತನ ಅಂಟಿತು ಎಂದುಕೊಂಡೆ.

ಆರನೆಯ ಭಾನುವಾರ ಮೇಸ್ತ್ರಿ ಜ್ವರ ಬಂದು ಬರಲಿಲ್ಲ. ಆಕಾಶದಲ್ಲಿ ಮೋಡ ಕಟ್ಟಿತ್ತು. ಅವರ ಉಳಿ ಸುತ್ತಿಗೆ ಗೂಟಕ್ಕೆ ನೇತುಬಿದ್ದಿದ್ದವು. ಅವನ್ನು ಎತ್ತಿಕೊಂಡು ಆ ಪಟ್ಟಿ ಕಿತ್ತೆ, ಮುಕ್ಕಾಲು ಗಂಟೆ ಸಾಕಾಯಿತು. ಒಳಗಿನ ಇಟ್ಟಿಗೆ ಒದ್ದೆ ಹಿಟ್ಟಿನ ಹಾಗೆ ಉದುರಿತು. ನಾನು ಹೇಳಲಿಲ್ಲವಾ ಎಂದು ಬೀಗಿದೆ. ಒಡೆದದ್ದನ್ನೆಲ್ಲ ಬಸ್ ಡ್ರೈವರ್ ಪ್ರದಕ್ಷಿಣೆಯ ದಾರಿಗೆ ಸುರಿದು ದಿಮ್ಮಸಿನಿಂದ ಬಡಿದು ಕೂರಿಸಿದ. ಸಂಜೆಯೊಳಗೆ ಮೇಲೆ ಇಟ್ಟಿಗೆಯನ್ನೂ ಹಾಸಿಯಾಯಿತು. ಅಂದು ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮುಂದಿನ ವಾರ ಮೇಸ್ತ್ರಿ ಬಂದವರು ಸೀದಾ ಹಿಂದಕ್ಕೆ ಹೋದರು. ಹೊಗಳುತ್ತಾರೆ ಎಂದುಕೊಂಡು ನಾನೂ ಹಿಂದೆಯೇ ಹೋದೆ. ಅವರು ಬೋಳು ಇಟ್ಟಿಗೆಯ ಮೇಲೆ ಅಂಗೈ ಇಟ್ಟು ನಿಂತಿದ್ದರು. ಸ್ತೂಪದ ಮೇಲೆ ಕೈ ಇತ್ತು, ಹಾಗಾಗಿ ಮಾತಾಡಲಿಲ್ಲ. ಬಹಳ ಹೊತ್ತು ಕೈ ತೆಗೆಯಲೂ ಇಲ್ಲ. ಆಮೇಲೆ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡು ಕೇಳಿದರು.

"ಅಲ್ಲಿದ್ದದ್ದು ಯಾರು ತೆಗೆದ್ರು?"

"ನಾನೇ. ಎಷ್ಟು ದಿನ ಅಂತ ಬಿಡೋದು ಮೇಸ್ತ್ರಿ? ಯಾವ ಪುಣ್ಯಾತ್ಮ ಹಾಕಿದ್ನೋ, ಒಳಗೆ ಇಟ್ಟಿಗೆ ಎಲ್ಲಾ ಹಿಟ್ಟಾಗಿದೆ."

"ಗೊತ್ತು ಟೀಚರ್. ಹಾಕಿದ್ದು ನಾನೇ, ಇಪ್ಪತ್ತೆರಡು ವರ್ಷ ಆಯ್ತು. ಅದೊಂದೂವರೆ ಮೊಳ ಮಾತ್ರ ನನ್ನ ಹೆಂಡ್ತಿ ಹಾಕಿದ್ದು."

ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ, ಕೆಳಗೆ ಕೂತು, ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿದರು. ಅವಳು ಆಯುಷ್ಯವಿಡೀ ಇವರ ಜೊತೆ ಗಾರೆ ಕಲಸಿದವಳು, ಮರಳು ಜರಡಿ ಹಿಡಿದವಳು. ಆಗ ಬುಡದ ದುಂಡಗಿನ ಬಾಗಿಗೆ, ಗಾರೆ ತೀಡುವ ಚಪ್ಪಟೆ ಕರಣೆ ಕೂರುತ್ತಿರಲಿಲ್ಲ. ಅವಳು ಊಟದ ಡಬ್ಬಿಯಿಂದ ಚಮಚ ತೆಗೆದು, ಅದರ ಬೆನ್ನಿನಿಂದ ತೀಡುತ್ತಾ ಹೋದಳು, ಚೆನ್ನಾಗಿ ಕೂತಿತು. ಎಡಚಿ. ಅವಳ ಗೀರೆಲ್ಲ ಎಡಕ್ಕೆ ವಾಲಿದ್ದವು. ಒಂದೂವರೆ ಮೊಳ ಆಗುವಷ್ಟರಲ್ಲಿ ಇವರು, ಇದು ಮೇಸ್ತ್ರಿ ಕೆಲಸ, ನೀನು ಹೋಗಿ ಗಾರೆ ಕಲಸು ಎಂದು ಚಮಚ ಕಿತ್ತುಕೊಂಡು ಉಳಿದದ್ದನ್ನು ತಾವೇ ತೀಡಿದರು. ಅವಳು ನಗುತ್ತಾ ಎದ್ದುಹೋದಳಂತೆ. ಇಬ್ಬರೂ ಸೇರಿ ಕಟ್ಟಿದ ಮನೆಗಳಲ್ಲಿ ಅವಳ ಕೈಗುರುತು ಬಣ್ಣದಡಿ ಹೋಗಿದೆ, ಕೆಲವು ಮನೆ ಬಿದ್ದೂ ಹೋಗಿವೆ. ಅವಳು ಹೋಗಿ ನಾಲ್ಕು ವರ್ಷ. ಮಕ್ಕಳಿಲ್ಲ.

ಮನೆಯಲ್ಲಿ ಫೋಟೋ ಆದರೂ ಇದೆಯಾ ಎಂದು ಕೇಳಿದೆ. ಗುರುತಿನ ಚೀಟಿಯದು ಒಂದಿದೆ ಎಂದರು. "ಅದ್ರಲ್ಲಿ ಬರೀ ಮುಖ ಟೀಚರ್. ಕೈ ಬಂದಿಲ್ಲ."

ಆ ವಾರ ಮೂರು ಸಂಜೆ ದಿಬ್ಬಕ್ಕೆ ಹೋದೆ. ಹಾಸಿದ ದಾರಿಯನ್ನು ಕೀಳುವಂತಿರಲಿಲ್ಲ. ಗೇಟಿನ ಪಕ್ಕ ಹಿಂದಿನ ವಾರಗಳ ಒಡಕಲಿನ ಗುಡ್ಡೆ ಇತ್ತು, ಅವಳದ್ದೂ ಒಂದು ಚೂರು ಅದರಲ್ಲಿ ಸೇರಿರಬಹುದು ಎನಿಸಿತು. ಕೂತು ಒಂದೊಂದೇ ತುಂಡು ತಿರುಗಿಸಿ ನೋಡಿದೆ. ಉಗುರು ಸೀಳಿತು. ಮೂರನೆಯ ದಿನ ಅಂಗೈ ಅಗಲದ ಚೂರೊಂದು ಸಿಕ್ಕಿತು, ಅದರ ಮೇಲೆ ನಾಲ್ಕು ಚಮಚದ ಗೀರು. ಅದನ್ನು ಸೆರಗಿನಲ್ಲಿ ಒರೆಸಿ ಅಲ್ಲೇ ಅತ್ತೆ.

ಅವರ ಕೋಣೆ ಟೈರ್ ಅಂಗಡಿಯ ಮೇಲೆ, ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕು. ಒಂದು ಮಂಚ, ಒಂದು ಸ್ಟೌ, ಗೋಡೆಯ ಮೊಳೆಗಳಿಗೆ ಎರಡು ಅಂಗಿ. ಎರಡು ತಟ್ಟೆಗಳಲ್ಲಿ ಒಂದನ್ನು ಬೋರಲು ಹಾಕಿದ್ದರು, ಅದರ ಮೇಲೆ ಧೂಳು ಕೂತಿತ್ತು. ಲೋಟದಲ್ಲಿ ಅಂಚು ಸವೆದ ಒಂದು ಚಮಚ. ನಾನು ಚೂರನ್ನು ಎರಡೂ ಕೈಯಲ್ಲಿ ಕೊಟ್ಟು, ತಪ್ಪಾಯ್ತು ಮೇಸ್ತ್ರಿ, ಹೊಟ್ಟೆಗೆ ಹಾಕ್ಕೊಳ್ಳಿ ಎಂದೆ.

ಅವರು ಅದನ್ನು ಕಿಟಕಿಯ ಬೆಳಕಿಗೆ ಒಯ್ದರು. ಹೆಬ್ಬೆರಳಿನಿಂದ ನಾಲ್ಕೂ ಗೀರನ್ನು ಸವರಿದರು. ಮತ್ತೊಮ್ಮೆ ಸವರಿದರು.

"ಇದು ಬಲಕ್ಕೆ ವಾಲಿದೆ ಟೀಚರ್," ಎಂದರು. "ಇದು ನಂದು."

ಅವರೇ ನನ್ನನ್ನು ಮಂಚದ ಮೇಲೆ ಕೂರಿಸಿ ಚಹಾ ಕಾಸಿದರು. ಆ ಸಿಮೆಂಟು ತೆಗೆಯಲೇಬೇಕಿತ್ತು, ನನ್ನ ಕೈಯಲ್ಲಿ ಆಗ್ತಿರ್ಲಿಲ್ಲ, ನಿಮ್ಮ ಕೈಯಲ್ಲಿ ಆಯ್ತು ಎಂದರು. ನನಗಾಗಿ ಹೇಳಿದರೋ, ನಿಜವಾಗಿ ಹೇಳಿದರೋ ತಿಳಿಯಲಿಲ್ಲ. ಚಹಾ ಕುಡಿದು ಲೋಟ ತೊಳೆದಿಟ್ಟು ಬಂದೆ.

ಮಳೆಗೆ ಮುಂಚೆ ಸುಣ್ಣ ಮುಗಿಯಿತು. ಹಿಂಭಾಗವನ್ನು ಮೇಸ್ತ್ರಿಯೇ ಹಚ್ಚಿ, ಒದ್ದೆ ಬಟ್ಟೆಯಿಂದ ಗುರುತಿಲ್ಲದಂತೆ ಒರೆಸಿದರು. ಈಗ ಅವರು ಊಟಕ್ಕೆ ಅಲ್ಲಿ ಕೂರುವುದಿಲ್ಲ. ಡಬ್ಬಿ ಮುಚ್ಚಿಟ್ಟು, ಚಪ್ಪಲಿ ಬಿಟ್ಟು, ಪ್ರದಕ್ಷಿಣೆಯ ದಾರಿಯಲ್ಲಿ ಬಹಳ ನಿಧಾನವಾಗಿ ನಡೆಯುತ್ತಾರೆ. ಒಂದು ಸುತ್ತು ಮುಗಿಯಲು ಅರ್ಧ ಗಂಟೆ ಹಿಡಿಯುತ್ತದೆ. ಒಂದು ದಿನ ಕಾಲು ನೋವಾ ಎಂದು ಕೇಳಿದೆ. ಈ ಸಲ ಕೇಳಿದೆ.

"ಕಾಲಿಗೇನೂ ಆಗಿಲ್ಲ," ಎಂದರು. "ಅವಳದ್ದು ಯಾವ ಇಟ್ಟಿಗೆ ಕೆಳಗಿದೆಯೋ ಗೊತ್ತಿಲ್ವಲ್ಲ. ಅದಕ್ಕೆ ಎಲ್ಲಾ ಕಡೆ ಮೆಲ್ಲಗೆ ಕಾಲಿಡ್ತೀನಿ."

ನಾನು ಚಪ್ಪಲಿ ಬಿಟ್ಟು ಅವರ ಹಿಂದೆ ನಡೆದೆ.