ಮೊಮ್ಮಗಳು ತಾನಾಗಿ ಬಂದು ಹೇಳಿದಳು

ಸಂತೋಷಕ್ಕೆ ಅಕ್ಷರ ಸೊಟ್ಟ ಬರುತ್ತಿದೆ. ಆದರೂ ಮೊದಲಿನಿಂದಲೇ ಹೇಳಬೇಕು.

ಹೋದ ವರ್ಷ ಒಂದು ಮಧ್ಯಾಹ್ನ ಬಾಗಲೂರಿನ ನಮ್ಮ ಮನೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಮೊಮ್ಮಗಳು ಪವಿತ್ರಾ ಬಂದು ಪಕ್ಕ ಕುಳಿತಳು. ಹತ್ತೊಂಬತ್ತು ವರ್ಷ. ಡಿಪ್ಲೊಮಾ ಮುಗಿಸಿ ಹೊಸೂರಿನ ಫ್ಯಾಕ್ಟರಿಗೆ ಸೇರಿ ನಾಲ್ಕು ತಿಂಗಳಾಗಿತ್ತು.

"ತಾತಾ, ಪಕ್ಕದ್ಮನೆಯೋರು ನನ್ನೇ ಬೈತಾವ್ರೆ. ನಿಂಗೆ ಕೇಳಿಸ್ತಿಲ್ವಾ?"

ಪಕ್ಕದ ಮನೆಗೆ ಬೀಗ ಹಾಕಿತ್ತು.

ಆಮೇಲೆ ಒಂದೊಂದೇ ಶುರುವಾಯಿತು. ನಿದ್ದೆ ಹೋಯಿತು. ಸ್ನಾನ ಬಿಟ್ಟಳು. ಯಾರೋ ಕದ್ದು ಕೇಳುತ್ತಾರೆಂದು ಫೋನನ್ನು ಬಟ್ಟೆಯಲ್ಲಿ ಸುತ್ತಿಟ್ಟಳು. ನಮ್ಮೂರು ತಮಿಳುನಾಡಿಗೆ ಸೇರಿದ್ದು; ಮನೆಯ ಮಾತು ಕನ್ನಡ, ಅವಳು ಓದಿದ್ದು ತಮಿಳು. ಬೈಗುಳ ಎರಡರಲ್ಲೂ ಕೇಳುತ್ತಿತ್ತಂತೆ. ಊಟದಲ್ಲಿ ಯಾರೋ ಏನೋ ಬೆರೆಸುತ್ತಿದ್ದಾರೆಂದು ಅವಳಮ್ಮ ಬಡಿಸಿದ ತಟ್ಟೆಯನ್ನು ಮೂಸಿ ಪಕ್ಕಕ್ಕಿಡುತ್ತಿದ್ದಳು. ಫ್ಯಾಕ್ಟರಿ ಬಸ್ಸು ಬಂದು ಹಾರನ್ ಹೊಡೆದು ಹೊಡೆದು ಹೋಗುತ್ತಿತ್ತು.

ಮಗ, ಸೊಸೆ ರಜೆ ಹಾಕಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನೂ ಹೋದೆ. ಡಾಕ್ಟರಮ್ಮ 'ಸೈಕೋಸಿಸ್' ಎಂದರು. ಮೂರನೇ ಕ್ಲಾಸಿಗೇ ಓದು ಬಿಟ್ಟ ನನಗೆ ಏನು ತಿಳಿಯಬೇಕು? ಅವರೇ ಬಿಡಿಸಿ ಹೇಳಿದರು: ಹರೆಯದಲ್ಲಿ ಕೆಲವರಿಗೆ ಹೀಗಾಗುತ್ತದೆ, ಇಲ್ಲದ ದನಿ ಇದ್ದ ಹಾಗೆಯೇ ಕೇಳುತ್ತದೆ, ಅದು ಅವಳ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ, ಬೇಗ ಬಂದಿದ್ದೀರಿ, ಚಿಕಿತ್ಸೆ ಇದೆ.

ಮಾತ್ರೆಯನ್ನು ಹತ್ತು ದಿನ ನುಂಗಿದಳು. ಆಮೇಲೆ ವಿಷ ಎಂದು ಉಗಿದಳು.

ಆಗ ನಾನೊಂದು ಕೆಲಸ ಮಾಡಿದೆ. ಮಗ, ಸೊಸೆ ಶಿಫ್ಟಿಗೆ ಹೋಗುವುದರಿಂದ ಮನೆಯಲ್ಲಿ ಮುದ್ದೆ ಕಟ್ಟುವವನು ನಾನೇ. ನನ್ನ ಕೈಯ ಮುದ್ದೆಯೊಂದನ್ನು ಮಾತ್ರ ಅವಳು ಅನುಮಾನಿಸುತ್ತಿರಲಿಲ್ಲ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲವಲ್ಲ, ಸಾರಿನಲ್ಲಿ ಅದ್ದಿ ನುಂಗುವುದು. ಮಾತ್ರೆಯನ್ನು ಎರಡು ಚೂರು ಮಾಡಿ ಒಳಗಿಟ್ಟೆ. ಯಾರಿಗೂ ಹೇಳಲಿಲ್ಲ. ಒಂದು ವಾರ ನಡೆಯಿತು. ಒಳಗೊಳಗೇ ಬೀಗುತ್ತಿದ್ದೆ.

ಎಂಟನೇ ದಿನ ಮುದ್ದೆ ಮುರಿದ ಅವಳ ಬೆರಳಿಗೆ ಬಿಳಿ ಚೂರು ಸಿಕ್ಕಿತು.

"ನೀನೂನಾ ತಾತಾ?"

ಅಲ್ಲಿಂದ ತಾನೇ ಸುಲಿದ ಬಾಳೆಹಣ್ಣು, ತಾನೇ ಒಡೆದ ಬಿಸ್ಕತ್ತಿನ ಪ್ಯಾಕೆಟ್ಟು ಬಿಟ್ಟು ಬೇರೇನೂ ಮುಟ್ಟಲಿಲ್ಲ. ನನ್ನ ಜೊತೆ ಮಾತು ನಿಂತಿತು. ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮನ ಮುಂದೆ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಅವಳ ಭಯಾನ ನೀವೇ ನಿಜ ಮಾಡಿಬಿಟ್ರಲ್ಲ ತಾತಾ," ಎಂದರು.

ಪವಿತ್ರಾ ಅಲ್ಲೇ ಗೋಡೆ ನೋಡುತ್ತಾ ಕುಳಿತಿದ್ದಳು. "ತಪ್ಪಾಯ್ತು ಕಣವ್ವಾ," ಎಂದೆ. "ಇನ್ನು ನಿಂಗೆ ಕಾಣ್ದಂಗೆ ಏನೂ ಮಾಡಲ್ಲ."

ಅವಳು ತಿರುಗಲಿಲ್ಲ. ಮಾತ್ರೆ ಯಾಕೆ ಬೇಡ ಎಂದು ಡಾಕ್ಟರಮ್ಮ ಅವಳನ್ನೇ ಕೇಳಿದರು. ವಿಷದ ಭಯದ ಜೊತೆಗೆ ಇನ್ನೊಂದೂ ಇತ್ತು: ದಿನವೆಲ್ಲ ಮಂಪರು, ಕೈಕಾಲು ಭಾರ, ಬಾಯಲ್ಲಿ ಜೊಲ್ಲು. ನಾವ್ಯಾರೂ ಅದನ್ನು ಕೇಳಿರಲೇ ಇಲ್ಲ! ಮಾತ್ರೆ ಬದಲಾಯಿತು. ಸ್ಟ್ರಿಪ್ಪು ಅವಳ ಹತ್ತಿರವೇ ಇರಲಿ, ನುಂಗಿದೆಯಾ ನುಂಗಿದೆಯಾ ಎಂದು ಪೀಡಿಸಬೇಡಿ ಎಂದರು. ನಮಗೆಲ್ಲ ಕೌನ್ಸೆಲಿಂಗ್ ಆಯಿತು.

ಮೂರು ದಿನ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ನಾಲ್ಕನೇ ದಿನ ನುಂಗಿದಳು. ಕೇಳದೆ ಇರುವುದು ಎಷ್ಟು ಕಷ್ಟ! ತುಟಿಗೆ ಬಂದದ್ದನ್ನು ತಡೆದುಕೊಂಡು ಅಂಗಳದಲ್ಲಿ ಶತಪಥ ಹಾಕುತ್ತಿದ್ದೆ. "ಇಂಗೇ ಇದ್ರೆ ನಿಮ್ಗೂ ಒಂದು ಮಾತ್ರೆ ಬರೆಸ್ಬೇಕಾಯ್ತದೆ ಮಾವಾ," ಎಂದು ಸೊಸೆ ನಗುತ್ತಿದ್ದಳು.

ತಿಂಗಳುಗಳು ಹೋದವು. ದನಿ ಸಣ್ಣದಾಯಿತು, ಆಮೇಲೆ ನಿಂತಿತು. ಪವಿತ್ರಾ ತಲೆ ಬಾಚಿಕೊಂಡಳು. ಒಂದು ದಿನ ಟಿವಿ ನೋಡಿ ನಕ್ಕಳು. ಫ್ಯಾಕ್ಟರಿಯವರು ಹಗಲಿನ ಶಿಫ್ಟು ಕೊಟ್ಟರು. ಆದರೆ ನನ್ನೊಡನೆ ಮಾತು ಎಷ್ಟು ಬೇಕೋ ಅಷ್ಟೇ.

ಮೊನ್ನೆ ಸೋಮವಾರ ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ನೇರ ನನ್ನ ಹತ್ತಿರ ಬಂದಳು.

"ತಾತಾ, ಬಸ್ಸಲ್ಲಿ ಮತ್ತೆ ಕೇಳಿಸ್ತು. ನಿಜ ಅಲ್ಲ ಅಂತ ಗೊತ್ತಾಯ್ತು, ಆದ್ರೂ ಭಯ ಆಯ್ತು. ನಾಳೆ ಡಾಕ್ಟ್ರತ್ರ ಹೋಗಾಣ. ನೀನು ಬಾ."

ದನಿ ಮತ್ತೆ ಬಂದಿದೆ ಎನ್ನುತ್ತಿದ್ದಾಳೆ, ನನಗೆ ಕುಣಿಯುವಷ್ಟು ಖುಷಿ! ಅಪ್ಪನಿಗಲ್ಲ, ಅಮ್ಮನಿಗಲ್ಲ, ನನಗೆ ಹೇಳಿದಳು. ಮುಚ್ಚಿಟ್ಟವನಿಗೆ ಬಿಚ್ಚಿ ಹೇಳಿದಳು. ಕಣ್ಣೊರೆಸಿಕೊಂಡು, "ಬತ್ತೀನಿ ಕಣವ್ವಾ," ಎಂದೆ.

ಡಾಕ್ಟರಮ್ಮ ಮಾತ್ರೆ ಸ್ವಲ್ಪ ಹೆಚ್ಚಿಸಿದರು. ತಡಮಾಡದೆ ಬಂದದ್ದಕ್ಕೆ ಅವಳ ಬೆನ್ನು ತಟ್ಟಿದರು. ಇನ್ನೂ ಬಹಳ ದಿನ ಔಷಧಿ ಬೇಕು, ದನಿ ಇನ್ನೊಮ್ಮೆ ಬರಲೂಬಹುದು ಎಂದು ನನಗೆ ಹೇಳಿದರು.

ಬರಬಹುದು. ಬಂದರೆ ಅವಳು ಹೇಳುತ್ತಾಳೆ.